ಕ್ಯಾನ್ಸರ್ ಔಷಧ ಶೋಧದಲ್ಲಿ ಪೋಸ್ಟ್‌ಡಾಕ್: ಮೇಲ್ ಕಳಿಸುವುದು ಐದನೇ ಹಂತ, ಮೊದಲನೆಯದಲ್ಲ

“40 ಲ್ಯಾಬ್‌ಗಳಿಗೆ ಮೇಲ್ ಕಳಿಸಿದೆ, ಒಂದರಿಂದಲೂ ಉತ್ತರ ಬರಲಿಲ್ಲ.” ಪಿಎಚ್‌ಡಿ ಮುಗಿಯುವ ಹೊತ್ತಿಗೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಹುಡುಕುವ ಬಹಳ ಜನ ಇದನ್ನೇ ಹೇಳುತ್ತಾರೆ. ಆ ಮೇಲ್ ಒಮ್ಮೆ ತೋರಿಸಿ ಎಂದರೆ ಕಾರಣ ತಕ್ಷಣ ಕಾಣುತ್ತದೆ. ಒಂದೇ ಮೇಲನ್ನು 40 ಸಲ ಕಳಿಸಿದ್ದಾರೆ. ಪ್ರೊಫೆಸರ್ ಹೆಸರು ಮಾತ್ರ ಬೇರೆ. ಒಂದೆರಡು ಕಡೆ ಅದನ್ನೂ ಬದಲಿಸಲು ಮರೆತಿದ್ದಾರೆ.

ಭಾಷೆ ತಿದ್ದಿಸಿಕೊಂಡರೆ ಇದು ಸರಿಹೋಗುವುದಿಲ್ಲ. ತನಗೆ ಏನು ಬೇಕು ಎಂದು ಗೊತ್ತಾಗುವ ಮುಂಚೆಯೇ ಕೇಳಲು ಹೊರಟರೆ ಹೀಗೇ ಆಗುವುದು. ಅದಕ್ಕೇ ಇಲ್ಲಿ ಮೇಲ್ ಬರೆಯುವ ಕೆಲಸ 5ನೇ ಹಂತದಲ್ಲಿ ಬರುತ್ತದೆ.

ಇನ್ನು ಕೆಲವರು ಲ್ಯಾಬ್ ಸೇರಿದ ಮೇಲೆ ಎಡವುತ್ತಾರೆ. ಒಂದೂವರೆ ವರ್ಷ ದುಡಿದು, ತಮ್ಮ ಕಾಂಪೌಂಡ್ (ಔಷಧವಾಗಬಹುದಾದ ರಾಸಾಯನಿಕ) ತನ್ನ ಟಾರ್ಗೆಟ್ಟನ್ನು, ಅಂದರೆ ಅದು ತಡೆಯಬೇಕಾದ ಪ್ರೋಟೀನನ್ನು, ಮುಟ್ಟುತ್ತಲೇ ಇರಲಿಲ್ಲ ಎಂದು ಆಮೇಲೆ ಕಂಡುಕೊಳ್ಳುತ್ತಾರೆ. ಅವರಿಗಾಗಿ 9ನೇ ಹಂತ ಇದೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ, ಹಾಗಾಗಿ ಉದ್ದವೂ ಜಾಸ್ತಿ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಮೊದಲನೆಯದು ಸಮಯ. ಥೀಸಿಸ್ ಸಲ್ಲಿಸುವ ದಿನಕ್ಕಿಂತ 12ರಿಂದ 15 ತಿಂಗಳು ಮುಂಚೆ ಶುರು ಮಾಡಿ. ಫೆಲೋಶಿಪ್ ಅರ್ಜಿ, ಅದರ ಫಲಿತಾಂಶ, ವೀಸಾ ಎಲ್ಲ ಸೇರಿದರೆ ಒಂದು ವರ್ಷ ಸುಲಭವಾಗಿ ಕಳೆದುಹೋಗುತ್ತದೆ.

ಎರಡು ಪುಟದ ಸಿವಿ ಇರಲಿ. ಮೂರು ಜನ ರೆಫರೆನ್ಸ್ ಬರೆಯಲು ಒಪ್ಪಿರಲಿ. “ಕೇಳಿದರೆ ಬರೆಯುತ್ತಾರೆ ಬಿಡಿ” ಎಂಬ ನಂಬಿಕೆ ಸಾಲದು, ಬಾಯಿಬಿಟ್ಟು ಕೇಳಿ ಒಪ್ಪಿಸಿರಬೇಕು. ಒಂದು ಸ್ಪ್ರೆಡ್‌ಶೀಟ್ ತೆರೆದಿಟ್ಟುಕೊಳ್ಳಿ. ನಿಮ್ಮ ಥೀಸಿಸ್ ಬಗ್ಗೆ ಒಂದು ಪುಟದ ಸಾರಾಂಶ ಬೇಕು. ನೀವು ಕೆಮಿಸ್ಟ್ ಆದರೆ ಅದು ಬಯಾಲಜಿಯವರಿಗೆ ಅರ್ಥವಾಗಬೇಕು, ಬಯಾಲಜಿಯವರಾದರೆ ಕೆಮಿಸ್ಟ್‌ಗೆ.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಇನ್ನೂ ಪ್ರಕಟವಾಗದ ಕಾಂಪೌಂಡ್‌ಗಳ ರಚನೆಯನ್ನು ಟಾಕ್‌ನಲ್ಲಿ ತೋರಿಸಬಹುದೇ ಎಂದು ನಿಮ್ಮ ಗೈಡ್ ಹತ್ತಿರ ಈಗಲೇ ಕೇಳಿ. ಪೇಟೆಂಟ್ ಅರ್ಜಿ ಹಾಕುವ ಮುಂಚೆ ಹೊರಗಿನವರಿಗೆ ರಚನೆ ತೋರಿಸಿದರೆ ಯುರೋಪಿನಲ್ಲಿ ಪೇಟೆಂಟ್ ಹಕ್ಕೇ ಕೈತಪ್ಪಬಹುದು. ಅಮೆರಿಕದಲ್ಲಿ ಒಂದು ವರ್ಷದ ವಿನಾಯಿತಿ ಇದೆ, ಯುರೋಪಿನಲ್ಲಿ ಅಂಥ ಸಾಮಾನ್ಯ ವಿನಾಯಿತಿ ಇಲ್ಲ.

## ಹಂತ 1: ಕೊನೆಯಿಂದ ಲೆಕ್ಕ ಹಾಕಿ

ಪೋಸ್ಟ್‌ಡಾಕ್ ಮುಗಿದ ಮೇಲೆ ಯಾವ ಕುರ್ಚಿಯಲ್ಲಿ ಕೂರಬೇಕು ಎಂದು ಒಂದು ಸಾಲಿನಲ್ಲಿ ಬರೆದಿಡಿ. ಸ್ವಂತ ಲ್ಯಾಬ್? ಫಾರ್ಮಾ ಅಥವಾ ಬಯೋಟೆಕ್ ಕಂಪನಿಯಲ್ಲಿ ವಿಜ್ಞಾನಿ? ಸಂಶೋಧನಾ ಸಂಸ್ಥೆಯಲ್ಲಿ ಸ್ಟಾಫ್ ಸೈಂಟಿಸ್ಟ್? ಪೇಟೆಂಟ್, ರೆಗ್ಯುಲೇಟರಿ ಕಡೆಯ ಕೆಲಸ? ಉತ್ತರ ಆಮೇಲೆ ಬದಲಾದರೂ ಪರವಾಗಿಲ್ಲ. ಆದರೆ ಈಗ ಒಂದು ಉತ್ತರ ಇರಲೇಬೇಕು, ಯಾಕೆಂದರೆ ಪ್ರತಿ ಕುರ್ಚಿ ಕೇಳುವ ಸಾಕ್ಷಿ ಬೇರೆ.

ಸ್ವಂತ ಲ್ಯಾಬ್ ಬೇಕಾದವರು ನಿಮ್ಮದೇ ಅನ್ನುವಂಥ ಒಂದು ಪ್ರಶ್ನೆ, ಮೊದಲ ಲೇಖಕರಾಗಿ ಒಂದು ಗಟ್ಟಿ ಪೇಪರ್, ಸ್ವಂತ ಹೆಸರಿನಲ್ಲಿ ಬಂದ ಫಂಡಿಂಗ್ ತೋರಿಸಬೇಕು. ಕಂಪನಿಯವರು ಬೇರೆಯದನ್ನೇ ಕೇಳುತ್ತಾರೆ: ಕೆಮಿಸ್ಟ್, ಬಯಾಲಜಿಸ್ಟ್, ಫಾರ್ಮಕಾಲಜಿಸ್ಟ್ ಕೂತ ತಂಡದಲ್ಲಿ ಕೆಲಸ ಮಾಡಿದ್ದೀರಾ, ಯಾವ ಕಾಂಪೌಂಡನ್ನು ಯಾವ ಡೇಟಾ ನೋಡಿ ಕೈಬಿಟ್ಟಿರಿ?

ಇಲ್ಲಿ ಒಂದು ಸಾಮಾನ್ಯ ತಪ್ಪು, “ಪೋಸ್ಟ್‌ಡಾಕ್‌ನಲ್ಲಿ ಒಂದು ಕ್ಯಾನ್ಸರ್ ಔಷಧ ಕಂಡುಹಿಡಿಯುತ್ತೇನೆ” ಎಂದು ಗುರಿ ಇಟ್ಟುಕೊಳ್ಳುವುದು. ಕೆರಾಸ್ ಜಿ12ಸಿ (ಕ್ಯಾನ್ಸರ್ ತರುವ, ರೂಪಾಂತರಗೊಂಡ ಒಂದು ಪ್ರೋಟೀನ್) ಕಥೆ ನೋಡಿ. ಈ ಪ್ರೋಟೀನಿನಲ್ಲಿ ಔಷಧ ಕೂರುವ ಜಾಗವನ್ನು ಕೆವನ್ ಶೊಕಾಟ್ ಲ್ಯಾಬ್ ತೋರಿಸಿದ್ದು 2013ರಲ್ಲಿ. ಅಲ್ಲಿ ಕೂರುವ ಸೊಟೊರಾಸಿಬ್ ಎಂಬ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಈ ಕ್ಷೇತ್ರದಲ್ಲಿ ಇದು ವೇಗದ ಓಟ, ಆದರೂ 8 ವರ್ಷ. ನಿಮ್ಮ ಹತ್ತಿರ ಇರುವುದು ಮೂರೋ ನಾಲ್ಕೋ ವರ್ಷ. ಅಷ್ಟರಲ್ಲಿ ಮುಗಿಯುವ ತುಂಡು ಯಾವುದು ಅಂತ ಯೋಚಿಸಿ.

## ಹಂತ 2: ಸರಪಳಿಯಲ್ಲಿ ನಿಮ್ಮ ಕೊಂಡಿ ಯಾವುದು?

ಔಷಧ ಶೋಧ ಅಂದರೆ ಉದ್ದ ಸರಪಳಿ. ಟಾರ್ಗೆಟ್ ಹುಡುಕುವುದು, ಅದು ನಿಜವಾಗಿ ಮುಖ್ಯವೇ ಎಂದು ಪರೀಕ್ಷಿಸುವುದು, ಅಸ್ಸೇ (ಪರಿಣಾಮ ಅಳೆಯುವ ಪರೀಕ್ಷೆ) ಕಟ್ಟುವುದು, ಸ್ಕ್ರೀನಿಂಗ್‌ನಲ್ಲಿ ಹಿಟ್ (ಮೊದಲ ಪರಿಣಾಮ ತೋರಿದ ಕಾಂಪೌಂಡ್) ಹಿಡಿಯುವುದು, ಹಿಟ್ಟನ್ನು ಲೀಡ್ (ಮುಂದುವರಿಸಲು ಯೋಗ್ಯವಾದ ಕಾಂಪೌಂಡ್) ಮಾಡುವುದು, ಲೀಡನ್ನು ತಿದ್ದುವುದು, ದೇಹದಲ್ಲಿ ಅದು ಎಷ್ಟು ಹೊತ್ತು ಉಳಿಯುತ್ತದೆ ನೋಡುವುದು, ಇಲಿಗಳಲ್ಲಿ ಗಡ್ಡೆ ಕುಗ್ಗುತ್ತದೆಯೇ ನೋಡುವುದು, ಆಮೇಲೆ ಸುರಕ್ಷತೆಯ ಪರೀಕ್ಷೆ.

“ಕ್ಯಾನ್ಸರ್ ಔಷಧ ಶೋಧದಲ್ಲಿ ಆಸಕ್ತಿ” ಎಂದು ಬರೆದರೆ ಇದರಲ್ಲಿ ಯಾವುದನ್ನೂ ಹೇಳಿದಂತಾಗಲಿಲ್ಲ. ಎರಡು ಕೊಂಡಿ ಆರಿಸಿ. ಒಂದು ಈಗಾಗಲೇ ಕೈಗೆ ಬಂದಿರುವುದು, ಇನ್ನೊಂದು ಅದರ ಪಕ್ಕದ್ದು, ಕಲಿಯಬೇಕಾದದ್ದು. ಸಿಂಥೆಸಿಸ್ ಗೊತ್ತಿರುವವರು ಕೆಮಿಕಲ್ ಪ್ರೋಟಿಯೋಮಿಕ್ಸ್ (ಕಾಂಪೌಂಡ್ ಯಾವ ಪ್ರೋಟೀನ್‌ಗಳಿಗೆ ಅಂಟುತ್ತದೆ ಎಂದು ಹುಡುಕುವುದು) ಕಲಿಯಬಹುದು. ಕ್ರಿಸ್ಪರ್ ಸ್ಕ್ರೀನ್ (ಜೀನ್‌ಗಳನ್ನು ಕತ್ತರಿಸಿ ಏನಾಗುತ್ತದೆ ನೋಡುವುದು) ಮಾಡಿದವರು ಔಷಧ ನಿರೋಧಕತೆಯ ಕಡೆ ಹೋಗಬಹುದು. ಒಂದು ಕಾಲು ಗಟ್ಟಿ ನೆಲದ ಮೇಲೆ ಇರಲಿ.

ಎರಡು ವಾರ ಡಾಕಿಂಗ್ (ಕಾಂಪೌಂಡ್ ಪ್ರೋಟೀನಿನಲ್ಲಿ ಹೇಗೆ ಕೂರಬಹುದು ಎಂದು ಊಹಿಸುವ) ಸಾಫ್ಟ್‌ವೇರ್ ಓಡಿಸಿ “ಕಂಪ್ಯೂಟೇಶನಲ್ ಡ್ರಗ್ ಡಿಸೈನ್ ಪರಿಣತಿ” ಎಂದು ಸಿವಿಯಲ್ಲಿ ಬರೆಯಬೇಡಿ. ಸಂದರ್ಶನದ ಮೂರನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

## ಹಂತ 3: 12 ಲ್ಯಾಬ್‌ಗಳ ಪಟ್ಟಿ

40 ಬೇಡ. 12 ಸಾಕು, ಆದರೆ ಪ್ರತಿಯೊಂದನ್ನೂ ಕೂಲಂಕಷವಾಗಿ ನೋಡಿರಬೇಕು.

ಹುಡುಕುವುದು ಎಲ್ಲಿ? ನಿಮ್ಮ ಎರಡು ಕೊಂಡಿಗಳ ಪೇಪರ್‌ಗಳಿಂದ ಶುರು ಮಾಡಿ. ಅಮೆರಿಕನ್ ಅಸೋಸಿಯೇಷನ್ ಫಾರ್ ಕ್ಯಾನ್ಸರ್ ರಿಸರ್ಚ್‌ನ ವಾರ್ಷಿಕ ಸಭೆಯ ಸಾರಾಂಶಗಳನ್ನು ತಿರುವಿಹಾಕಿ, ಪೇಪರ್ ಆಗುವ ಮುಂಚೆಯೇ ಯಾರು ಏನು ಮಾಡುತ್ತಿದ್ದಾರೆ ಗೊತ್ತಾಗುತ್ತದೆ. ಆಮೇಲೆ ದುಡ್ಡು ನೋಡಿ. ಅಮೆರಿಕದ ಲ್ಯಾಬ್ ಆದರೆ ‘ಎನ್‌ಐಎಚ್ ರಿಪೋರ್ಟರ್’, ಯುರೋಪಿನದಾದರೆ ‘ಕಾರ್ಡಿಸ್’, ಬ್ರಿಟನ್ನಿನದಾದರೆ ‘ಗೇಟ್‌ವೇ ಟು ರಿಸರ್ಚ್’. ಮೂರೂ ಉಚಿತ. ಯಾವ ಪ್ರೊಫೆಸರ್‌ಗೆ ಯಾವ ಗ್ರಾಂಟ್ ಇದೆ, ಅದು ಯಾವಾಗ ಮುಗಿಯುತ್ತದೆ ಎಂದು ಅಲ್ಲಿ ಸಿಗುತ್ತದೆ. ಇದನ್ನು ನೋಡದೆ ಮೇಲ್ ಮಾಡುವವರೇ ಜಾಸ್ತಿ. ಹೊಸ ಗ್ರಾಂಟ್ ಸಿಕ್ಕಿದ ಲ್ಯಾಬ್ ಜನರನ್ನು ಹುಡುಕುತ್ತಿರುತ್ತದೆ. ಇದ್ದ ಒಂದೇ ಗ್ರಾಂಟ್ ಎಂಟು ತಿಂಗಳಲ್ಲಿ ಮುಗಿಯುವ ಲ್ಯಾಬ್ ನಿಮಗೆ ಒಳ್ಳೆಯ ಮಾತು ಹೇಳಬಹುದು, ಸಂಬಳ ಕೊಡಲಾಗದು.

ಸ್ಪ್ರೆಡ್‌ಶೀಟ್‌ನಲ್ಲಿ ಈ ಕಾಲಂಗಳು ಇರಲಿ: ಕಾಂಪೌಂಡ್ ತಯಾರಿಸುವವರು ಯಾರು (ಒಳಗಿನ ಕೆಮಿಸ್ಟ್, ಸಹಯೋಗಿ ಅಥವಾ ಹೊರಗಿನ ಕಂಪನಿ), ಗ್ರಾಂಟ್ ಮುಗಿಯುವ ದಿನ, ಕಳೆದ 5 ವರ್ಷದಲ್ಲಿ ಬಿಟ್ಟುಹೋದ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ. ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ನಿಮಗೆ ಕಂಪನಿ ಕೆಲಸ ಬೇಕು, ಆದರೆ ಆ ಲ್ಯಾಬಿನಿಂದ ಒಬ್ಬರೂ ಕಂಪನಿಗೆ ಹೋಗಿಲ್ಲ ಅಂದರೆ ನೀವೇ ಮೊದಲಿಗರಾಗುವ ಸಾಧ್ಯತೆ ಕಡಿಮೆ.

ವಿಶ್ವವಿದ್ಯಾಲಯದ ಲ್ಯಾಬ್‌ಗಳಿಗೇ ಅಂಟಿಕೊಳ್ಳಬೇಡಿ. ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಕ್ಯಾನ್ಸರ್ ರಿಸರ್ಚ್‌ನಂಥ ಕಡೆ ಕೆಮಿಸ್ಟ್‌ಗಳೂ ಬಯಾಲಜಿಸ್ಟ್‌ಗಳೂ ಒಂದೇ ಸೂರಿನಡಿ ಔಷಧಕ್ಕಾಗಿಯೇ ದುಡಿಯುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರಿನ ಅಬಿರಾಟೆರೋನ್ ಹುಟ್ಟಿದ್ದು ಅಲ್ಲೇ. ಜೆನೆನ್‌ಟೆಕ್, ಆಸ್ಟ್ರಾಜೆನೆಕಾದಂಥ ಕಂಪನಿಗಳು ಪೋಸ್ಟ್‌ಡಾಕ್ ಕಾರ್ಯಕ್ರಮಗಳನ್ನು ನಡೆಸಿವೆ, ಅಲ್ಲಿಂದ ಪೇಪರ್‌ಗಳೂ ಬಂದಿವೆ. “ಕಂಪನಿಗೆ ಹೋದರೆ ಪೇಪರ್ ಇಲ್ಲ” ಅನ್ನುವುದು ಅರ್ಧ ಸತ್ಯ.

## ಹಂತ 4: ಪ್ರತಿ ಲ್ಯಾಬಿನ ಮೂರು ಪೇಪರನ್ನು ಅನುಮಾನದಿಂದ ಓದಿ

ಹೊಗಳಲು ಓದಬೇಡಿ. ಈ ಲ್ಯಾಬಿನ ಡೇಟಾ ಮೇಲೆ ನನ್ನ ಮೂರು ವರ್ಷ ಇಡಬಹುದೇ ಎಂದು ನೋಡಲು ಓದಿ. ಆಮ್ಜೆನ್ ಕಂಪನಿಯವರು 53 ಹೆಸರಾಂತ ಕ್ಯಾನ್ಸರ್ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ 6 ಮಾತ್ರ ಗಟ್ಟಿಯಾಗಿ ನಿಂತವು ಎಂದು 2012ರಲ್ಲಿ ವರದಿಯಾಯಿತು. ದೊಡ್ಡ ಜರ್ನಲ್ ಹೆಸರು ನೋಡಿ ಕಣ್ಣು ಮುಚ್ಚುವಂತಿಲ್ಲ ಅಲ್ವಾ?

ಇವು ಕಂಡರೆ ಪಕ್ಕದಲ್ಲಿ ಗುರುತು ಹಾಕಿ:

- ಸೆಲ್‌ಗಳ ಮೇಲೆ ಕಾಂಪೌಂಡನ್ನು 20, 50 ಮೈಕ್ರೋಮೋಲಾರ್‌ನಷ್ಟು ಹೆಚ್ಚಿನ ಪ್ರಮಾಣದಲ್ಲಿ ಸುರಿದು “ಸೆಲೆಕ್ಟಿವ್ ಇನ್‌ಹಿಬಿಟರ್” (ಟಾರ್ಗೆಟ್ಟನ್ನು ಮಾತ್ರ ತಡೆಯುವಂಥದ್ದು) ಎಂದಿದ್ದಾರೆ.
- ಇಡೀ ಪೇಪರ್ ಒಂದೇ ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸುತ್ತ ಬಂದ ಒಂದೇ ಮೂಲದ ಸೆಲ್‌ಗಳು) ಮೇಲೆ ನಿಂತಿದೆ.
- ಹತ್ತಿರದ ರಚನೆಯ, ಆದರೆ ಕೆಲಸ ಮಾಡದ ಕಂಟ್ರೋಲ್ ಕಾಂಪೌಂಡ್ ಇಲ್ಲ.
- ಟಾರ್ಗೆಟ್‌ಗೆ ಅಂಟುತ್ತದೆ ಅನ್ನಲು ಇರುವ ಪುರಾವೆ ಡಾಕಿಂಗ್ ಚಿತ್ರ ಮಾತ್ರ.
- ರೋಡನೀನ್, ಕ್ಯಾಟೆಕಾಲ್, ಕರ್ಕ್ಯುಮಿನ್‌ನಂಥ ಎಲ್ಲ ಅಸ್ಸೇಯಲ್ಲೂ “ಹಿಟ್” ಆಗುವ ರಚನೆಗಳು. ಇವಕ್ಕೆ 2010ರಿಂದ ‘ಪೇನ್ಸ್’ ಎಂಬ ಹೆಸರೇ ಇದೆ.

ಒಂದು ಗುರುತು ಬಿದ್ದರೆ ಸುಮ್ನೆ ಬಿಡಿ. ಮೂರೂ ಪೇಪರಿನಲ್ಲಿ ಮತ್ತೆ ಮತ್ತೆ ಬಿದ್ದರೆ ಆ ಲ್ಯಾಬನ್ನು ಪಟ್ಟಿಯಿಂದ ತೆಗೆಯಿರಿ. ನನ್ನ ಪಟ್ಟಿ ಈ ಹಂತದಲ್ಲಿ 12ರಿಂದ 7ಕ್ಕೆ ಇಳಿದಿತ್ತು. ಆಗ ಬೇಜಾರಾಗಿತ್ತು, ಈಗ ಇಲ್ಲ.

## ಹಂತ 5: ಈಗ ಮೇಲ್

200 ಪದ ದಾಟಬಾರದು. ದಿನಕ್ಕೆ ಒಂದಕ್ಕಿಂತ ಜಾಸ್ತಿ ಬರೆಯಬೇಡಿ.

ವಿಷಯದ ಸಾಲಿನಲ್ಲಿ ನಿಮ್ಮ ಕೊಂಡಿ ಮತ್ತು ಸೇರಬಹುದಾದ ತಿಂಗಳು ಇರಲಿ. “ಪೋಸ್ಟ್‌ಡಾಕ್ ವಿಚಾರ: ಪ್ರೋಟೀನ್ ಡಿಗ್ರೇಡರ್, ಮುಂದಿನ ಮಾರ್ಚ್‌ನಿಂದ” ಎಂದರೆ ಸಾಕು. (ಡಿಗ್ರೇಡರ್ ಅಂದರೆ ಟಾರ್ಗೆಟ್ ಪ್ರೋಟೀನನ್ನು ಸೆಲ್ ಒಳಗೇ ನಾಶ ಮಾಡಿಸುವ ಕಾಂಪೌಂಡ್.)

ಮೊದಲ ಪ್ಯಾರಾ ಅವರ ಕೆಲಸದ ಬಗ್ಗೆ. “ನಿಮ್ಮ ಸಂಶೋಧನೆ ಬಹಳ ಸ್ಫೂರ್ತಿದಾಯಕ” ಅನ್ನುವ ಸಾಲು ಎಲ್ಲರೂ ಬರೆಯುತ್ತಾರೆ, ಯಾರೂ ಓದುವುದಿಲ್ಲ. ಇಂಥದ್ದು ಬರೆಯಿರಿ: “ನಿಮ್ಮ ಪೇಪರಿನಲ್ಲಿ ಡಿಗ್ರೇಡರ್ ಎರಡು ಸೆಲ್ ಲೈನ್‌ಗಳಲ್ಲಿ ಕೆಲಸ ಮಾಡಲಿಲ್ಲ. ಅವುಗಳಲ್ಲಿ ಸೆರೆಬ್ಲಾನ್ ಮಟ್ಟ ಕಡಿಮೆ ಇದ್ದಿರಬಹುದೇ?” (ಸೆರೆಬ್ಲಾನ್ ಅಂದರೆ ಅನೇಕ ಡಿಗ್ರೇಡರ್‌ಗಳು ಕೆಲಸ ಮಾಡಲು ಬೇಕಾದ ಪ್ರೋಟೀನ್.) 4ನೇ ಹಂತ ಮಾಡದವರಿಗೆ ಈ ಸಾಲು ಬರೆಯಲು ಆಗುವುದಿಲ್ಲ. ಪ್ರೊಫೆಸರ್‌ಗೂ ಅದು ಗೊತ್ತಾಗುತ್ತದೆ.

ಎರಡನೇ ಪ್ಯಾರಾ ನಿಮ್ಮ ಬಗ್ಗೆ, ಮೂರು ಸಾಲು. ಏನು ಮಾಡಿದಿರಿ, ಏನು ಕಂಡಿತು, ಅದರಲ್ಲಿ ನಿಮ್ಮ ಕೈಕೆಲಸ ಯಾವುದು. ಮೂರನೇ ಪ್ಯಾರಾದಲ್ಲಿ ಒಂದೇ ಕೋರಿಕೆ: ಮುಂದಿನ ಇಂಥ ಫೆಲೋಶಿಪ್‌ಗೆ ನಿಮ್ಮ ಲ್ಯಾಬ್ ಮೂಲಕ ಅರ್ಜಿ ಹಾಕಬಹುದೇ, 20 ನಿಮಿಷ ಮಾತಾಡಲು ಆಗುತ್ತದೆಯೇ? ಸಿವಿ ಒಂದೇ ಪಿಡಿಎಫ್ ಆಗಿ ಹೋಗಲಿ, ಕಡತದ ಹೆಸರಿನಲ್ಲಿ ನಿಮ್ಮ ಹೆಸರಿರಲಿ. ‘ಫೈನಲ್-ಫೈನಲ್-2’ ಬೇಡ.

ಹತ್ತು ದಿನ ಉತ್ತರ ಇಲ್ಲದಿದ್ದರೆ ಎರಡು ಸಾಲಿನ ನೆನಪೋಲೆ, ಒಂದೇ ಸಲ. ಅದಕ್ಕೂ ಇಲ್ಲದಿದ್ದರೆ ಮುಂದಿನ ಲ್ಯಾಬ್.

## ಹಂತ 6: ಫೆಲೋಶಿಪ್ ಲೆಕ್ಕ

ಸ್ವಂತ ಫೆಲೋಶಿಪ್ ತರುತ್ತೇನೆ ಎಂದರೆ ಬಾಗಿಲು ಬೇಗ ತೆರೆಯುತ್ತದೆ. ಆದರೆ ನಿಯಮ ಓದದೆ ಅರ್ಜಿ ಬರೆಯಲು ಕೂರಬೇಡಿ. ಇಲ್ಲಿ ಜನ ಸೋಲುವುದು ವಿಜ್ಞಾನದಲ್ಲಿ ಅಲ್ಲ, ಅರ್ಹತೆಯ ದಿನಾಂಕದಲ್ಲಿ.

ಯುರೋಪಿನ ಮೇರಿ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ನ ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಅಷ್ಟರಲ್ಲಿ ಪಿಎಚ್‌ಡಿ ಕೈಗೆ ಬಂದಿರಬೇಕು. ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಅರ್ಜಿಯನ್ನು ಲ್ಯಾಬಿನ ಜೊತೆ ಸೇರಿ ಹಾಕಬೇಕಾದ್ದರಿಂದ ಮೇ ಹೊತ್ತಿಗೆ ಪ್ರೊಫೆಸರ್ ಒಪ್ಪಿರಬೇಕು. ಆಗಸ್ಟ್‌ನಲ್ಲಿ ಮೇಲ್ ಮಾಡುವವರಿಗೆ ಸಿಗುವುದು ರಜೆಯ ಆಟೋ-ರಿಪ್ಲೈ.

ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂನಲ್ಲಿ ಕೆಮಿಸ್ಟ್ರಿ, ಫಿಸಿಕ್ಸ್ ಕಡೆಯಿಂದ ಜೀವವಿಜ್ಞಾನಕ್ಕೆ ಬರುವವರಿಗೆ ಬೇರೆಯೇ ವಿಭಾಗ ಇದೆ. ಕೆಮಿಸ್ಟ್‌ಗಳು ಇದನ್ನು ನೋಡುವುದೇ ಇಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕೊಡುವ ಎಫ್32 ಫೆಲೋಶಿಪ್ ಅಲ್ಲಿನ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಸ್ವಂತ ಲ್ಯಾಬಿಗೆ ದಾಟಿಸುವ ಎನ್‌ಐಎಚ್‌ನದೇ ಕೆ99/ಆರ್00 ಗ್ರಾಂಟ್‌ಗೆ ಆ ನಿರ್ಬಂಧ ಇಲ್ಲದೆ ಬಂದಿದೆ, ಆದರೆ ಪೋಸ್ಟ್‌ಡಾಕ್ ಅನುಭವ 4 ವರ್ಷ ದಾಟಿರಬಾರದು. ನಿಯಮಗಳು ಬದಲಾಗುತ್ತಿರುತ್ತವೆ. ಆ ವರ್ಷದ ಪ್ರಕಟಣೆಯನ್ನೇ ಓದಿ, ಸೀನಿಯರ್ ಹೇಳಿದ್ದನ್ನು ನಂಬಬೇಡಿ.

## ಹಂತ 7: ಟಾಕ್ ಮತ್ತು ಸಂದರ್ಶನ

ಸಾಮಾನ್ಯವಾಗಿ 45 ನಿಮಿಷದ ಟಾಕ್, ಆಮೇಲೆ ಲ್ಯಾಬಿನವರ ಜೊತೆ ಒಬ್ಬೊಬ್ಬರಾಗಿ ಮಾತು. ಟಾಕ್‌ನಲ್ಲಿ ಎರಡು ಕಥೆ ಹೇಳಬೇಡಿ, ಒಂದೇ ಹೇಳಿ. ಕೈಕೊಟ್ಟ ಒಂದು ಪ್ರಯೋಗ, ಅದರಿಂದ ನೀವು ದಾರಿ ಬದಲಿಸಿದ ರೀತಿ ಅದರಲ್ಲಿ ಇರಲಿ. “ಇದು ಯಾವ ಡೇಟಾ ಬಂದಿದ್ದರೆ ತಪ್ಪು ಅಂತ ಒಪ್ಪುತ್ತಿದ್ದಿರಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಸಿದ್ಧವಿರಲಿ.

ನೀವೂ ಕೇಳಿ. ಕಾಂಪೌಂಡ್ ಬೇಕು ಎಂದರೆ ಎಷ್ಟು ವಾರ ಕಾಯಬೇಕು? ಹೋಗುವಾಗ ಪ್ರಾಜೆಕ್ಟಿನ ಯಾವ ಭಾಗ ನನ್ನ ಜೊತೆ ಬರುತ್ತದೆ? ಕಂಪನಿ ದುಡ್ಡು ಇದ್ದರೆ ಪೇಪರ್‌ಗೆ ಯಾರ ಒಪ್ಪಿಗೆ ಬೇಕು?

ಲ್ಯಾಬ್ ಬಿಟ್ಟುಹೋದ ಇಬ್ಬರ ಜೊತೆ ಫೋನಿನಲ್ಲಿ ಮಾತಾಡಿ, ಬರವಣಿಗೆಯಲ್ಲಿ ಬೇಡ. ಫೋನಿನಲ್ಲಿ ಜನ ನಿಜ ಹೇಳುತ್ತಾರೆ, ಅಥವಾ ಒಂದು ಪ್ರಶ್ನೆಗೆ ತುಂಬಾ ಹೊತ್ತು ಸುಮ್ಮನಿರುತ್ತಾರೆ. ಎರಡೂ ಉತ್ತರವೇ.

ಎಚ್ಚರಿಕೆಯ ಗಂಟೆಗಳು ಇವು: ಒಂದೇ ಟಾರ್ಗೆಟ್ ಮೇಲೆ ಇಬ್ಬರು ಪೋಸ್ಟ್‌ಡಾಕ್‌ಗಳನ್ನು ಪೈಪೋಟಿಗೆ ಬಿಟ್ಟಿದ್ದಾರೆ. ಪ್ರೊಫೆಸರ್ ಇಲ್ಲದೆ ಲ್ಯಾಬಿನವರ ಜೊತೆ ಮಾತಾಡಲು ಸಮಯ ಕೊಡುವುದಿಲ್ಲ. ಆರು ವರ್ಷದಿಂದ ಅಲ್ಲೇ ಇರುವ ಪೋಸ್ಟ್‌ಡಾಕ್‌ಗೆ ಇನ್ನೂ ಪೇಪರ್ ಇಲ್ಲ. “ಪೇಟೆಂಟ್ ಆಗಲಿ, ಆಮೇಲೆ ಪೇಪರ್” ಎಂಬ ಮಾತಿಗೆ ದಿನಾಂಕವೇ ಇಲ್ಲ. ಪೇಟೆಂಟ್ ಅರ್ಜಿ ದಾಖಲಾದ ಮೇಲೆ ಪೇಪರ್ ಕಳಿಸಲು ಅಡ್ಡಿ ಇರುವುದಿಲ್ಲ. ಅರ್ಜಿಯೇ 18 ತಿಂಗಳಿಗೆ ಬಹಿರಂಗವಾಗುತ್ತದೆ. ವರ್ಷಗಟ್ಟಲೆ ತಡೆಹಿಡಿದರೆ ಕಾರಣ ಬೇರೆ ಇರಬೇಕು.

## ಹಂತ 8: ಒಪ್ಪಿಕೊಳ್ಳುವ ಮುಂಚೆ ಕಾಗದದ ಮೇಲೆ

ಸಂಬಳ, ಆರೋಗ್ಯ ವಿಮೆ, ಕರಾರಿನ ಅವಧಿ, ನವೀಕರಣದ ಷರತ್ತು, ವೀಸಾ ಖರ್ಚು ಯಾರದು. ಎಲ್ಲ ಬರವಣಿಗೆಯಲ್ಲಿ ಬರಲಿ. ಪೇಟೆಂಟಿನಲ್ಲಿ ಆವಿಷ್ಕಾರಕರಾಗಿ ಹೆಸರು ಬರುವುದಕ್ಕೂ ಪೇಪರಿನಲ್ಲಿ ಲೇಖಕರಾಗುವುದಕ್ಕೂ ವ್ಯತ್ಯಾಸ ಇದೆ ಎಂದು ತಿಳಿದಿರಲಿ. ಪೇಟೆಂಟಿನ ಹಕ್ಕು ಸಾಮಾನ್ಯವಾಗಿ ಸಂಸ್ಥೆಯದು.

## ಹಂತ 9: ಮೊದಲ ಆರು ತಿಂಗಳು, ಕಥೆ ಕಟ್ಟುವ ಮುಂಚೆ ಸಾಮಾನು ಪರೀಕ್ಷಿಸಿ

ಹೊಸ ಲ್ಯಾಬಿಗೆ ಹೋದವರಿಗೆ ಬೇಗ ಒಂದು ಫಿಗರ್ ತೋರಿಸುವ ಆತುರ. ಫ್ರೀಜರಿನಿಂದ ಸೆಲ್ ತೆಗೆದು, ಹಳೆಯ ವಯಲ್‌ನಿಂದ ಕಾಂಪೌಂಡ್ ಹಾಕಿ, ಸೆಲ್ ಸತ್ತರೆ ಕುಣಿಯುತ್ತಾರೆ. ನಾನೂ ಕುಣಿದಿದ್ದೆ. ಐದು ತಿಂಗಳ ಡೇಟಾ ಆದ ಮೇಲೆ ನನ್ನ ಸೆಲ್‌ಗಳಲ್ಲಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇದೆ ಎಂದು ಗೊತ್ತಾಯಿತು. ಆ ಸೆಲ್‌ಗಳನ್ನು ಕೊಟ್ಟ ಲ್ಯಾಬಿನವರಿಗೆ ಹೇಳಿದಾಗ “ಓ, ಇನ್ನೂ ಇದೆಯಾ?” ಎಂದರು. ಕೆಳಗಿನ ಕ್ರಮ ಅದಾದ ಮೇಲೆ ಕಲಿತದ್ದು.

9.1 ಸೆಲ್. ಮೊದಲ ವಾರವೇ ಮಾಡಿ. ಸೆಲ್ ಲೈನ್ ಹೆಸರನ್ನು ‘ಸೆಲ್ಲೋಸಾರಸ್’ ಡೇಟಾಬೇಸ್‌ನಲ್ಲಿ ಹುಡುಕಿ, ಅದು ಸಮಸ್ಯೆಯ ಲೈನ್ ಆಗಿದ್ದರೆ ಅಲ್ಲೇ ಬರೆದಿರುತ್ತದೆ. ಎಂಡಿಎ-ಎಂಬಿ-435 ಎಂಬ ಲೈನನ್ನು ಎಷ್ಟೋ ವರ್ಷ ಸ್ತನ ಕ್ಯಾನ್ಸರ್ ಎಂದು ಬಳಸಿದರು. ಡಿಎನ್ಎ ಗುರುತು ನೋಡಿದರೆ ಅದು ಎಂ14 ಎಂಬ ಚರ್ಮದ ಮೆಲನೋಮಾ ಲೈನ್. ಎಸ್‌ಟಿಆರ್ (ಡಿಎನ್ಎ ಗುರುತಿನ) ಪರೀಕ್ಷೆಗೆ ಕಳಿಸಿ. ಮೂಲದ ಜೊತೆ ಹೊಂದಾಣಿಕೆ ಶೇ. 80ಕ್ಕಿಂತ ಕಡಿಮೆ ಬಂದರೆ ಆ ಸೆಲ್ ಬಳಸಬೇಡಿ.

ಮೈಕೋಪ್ಲಾಸ್ಮಾಗೆ ಪಿಸಿಆರ್ ಪರೀಕ್ಷೆ ತಿಂಗಳಿಗೊಮ್ಮೆ ಇರಲಿ. ಅದು ಮೀಡಿಯಂ ಅನ್ನು ಕದಡುವುದಿಲ್ಲ, ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ. ಸೆಲ್ ವಾಲ್ ಇಲ್ಲದ್ದರಿಂದ ಪೆನಿಸಿಲಿನ್ ಅದಕ್ಕೆ ಲೆಕ್ಕಕ್ಕಿಲ್ಲ. ಸೂಚನೆ ಏನಾದರೂ ಇದ್ದರೆ ಇಷ್ಟೇ: ಸೆಲ್ ಬೆಳೆಯುವುದು ಸ್ವಲ್ಪ ನಿಧಾನವಾಗುತ್ತದೆ, ಐಸಿ50 (ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಔಷಧದ ಪ್ರಮಾಣ) ವಾರದಿಂದ ವಾರಕ್ಕೆ ಕುಣಿಯುತ್ತದೆ.

9.2 ಕಾಂಪೌಂಡ್. ಡಿಎಂಎಸ್‌ಒ ಎಂಬ ದ್ರವದಲ್ಲಿ ಕರಗಿಸಿಟ್ಟ ಹಳೆಯ ದ್ರಾವಣವನ್ನು ನಂಬಬೇಡಿ. ಎಲ್‌ಸಿ-ಎಂಎಸ್ (ಶುದ್ಧತೆ ನೋಡುವ ಪರೀಕ್ಷೆ) ಮಾಡಿಸಿ, ಶುದ್ಧತೆ ಕನಿಷ್ಠ ಶೇ. 95 ಇರಲಿ. ಹತ್ತು ಸಲ ಕರಗಿಸಿ ಹೆಪ್ಪುಗಟ್ಟಿಸಿದ ವಯಲ್ ಬದಲು ಸಣ್ಣ ಸಣ್ಣ ಪಾಲು ಮಾಡಿಡಿ. ಪ್ಲೇಟಿನ ಎಲ್ಲ ಬಾವಿಗೂ (ಸೆಲ್ ಹಾಕುವ ಸಣ್ಣ ಕುಳಿಗಳಿಗೂ) ಡಿಎಂಎಸ್‌ಒ ಪ್ರಮಾಣ ಒಂದೇ ಇರಬೇಕು.

ಕಿಣ್ವದ ಅಸ್ಸೇಯಲ್ಲಿ ಹಿಟ್ ಬಂತಾ? 0.01% ಟ್ರೈಟನ್ ಎಕ್ಸ್-100 ಎಂಬ ಡಿಟರ್ಜೆಂಟ್ ಹಾಕಿ ಮತ್ತೆ ಮಾಡಿ. ಪರಿಣಾಮ ಮಾಯವಾದರೆ ನಿಮ್ಮ ಕಾಂಪೌಂಡ್ ಗುಂಪುಗೂಡಿ ಕಿಣ್ವವನ್ನು ಸುತ್ತಿಕೊಂಡಿತ್ತು ಅಷ್ಟೇ, ನಿಜವಾದ ಇನ್‌ಹಿಬಿಟರ್ ಅಲ್ಲ. ಲೂಸಿಫರೇಸ್ ರಿಪೋರ್ಟರ್ (ಬೆಳಕಿನ ಮೂಲಕ ಫಲಿತಾಂಶ ತೋರಿಸುವ ಕಿಣ್ವ) ಬಳಸಿದ್ದರೆ, ಕಾಂಪೌಂಡ್ ಲೂಸಿಫರೇಸನ್ನೇ ತಡೆಯುತ್ತಿಲ್ಲ ಎಂದು ಬೇರೆಯಾಗಿ ನೋಡಿ.

ಸಾಧನವಾಗಿ ಬಳಸುವ ಕಾಂಪೌಂಡ್‌ಗೆ ಒಂದು ಒರಟು ಅಳತೆ ಇದೆ: ಟಾರ್ಗೆಟ್ ಮೇಲೆ 100 ನ್ಯಾನೋಮೋಲಾರ್‌ಗಿಂತ ಕಡಿಮೆ ಪ್ರಮಾಣದಲ್ಲೇ ಕೆಲಸ, ಅದೇ ಕುಟುಂಬದ ಬೇರೆ ಪ್ರೋಟೀನಿಗಿಂತ ಟಾರ್ಗೆಟ್ ಮೇಲೆ 30 ಪಟ್ಟು ಹೆಚ್ಚು ಪರಿಣಾಮ, ಸೆಲ್‌ನಲ್ಲಿ 1 ಮೈಕ್ರೋಮೋಲಾರ್ ಒಳಗೆ ಕೆಲಸ. ಕೆಮಿಕಲ್ ಪ್ರೋಬ್ಸ್ ಪೋರ್ಟಲ್‌ನಲ್ಲಿ ಯಾವುದನ್ನು ಬಳಸಬಾರದು ಎಂಬುದೂ ಇದೆ. ಕೊಳ್ಳುವ ಮುಂಚೆ ನೋಡಿ.

9.3 ಟಾರ್ಗೆಟ್. ಇಲ್ಲಿ ಅವಸರ ಮಾಡಬೇಡಿ. ಮೆಲ್ಕ್ ಎಂಬ ಕೈನೇಸ್ (ಒಂದು ಬಗೆಯ ಕಿಣ್ವ) ಕ್ಯಾನ್ಸರ್ ಸೆಲ್‌ಗಳಿಗೆ ಅಗತ್ಯ ಎಂದು ಬಹಳ ಪೇಪರ್‌ಗಳು ಹೇಳಿದ್ದವು, ಅದನ್ನು ತಡೆಯುವ ಔಷಧ ರೋಗಿಗಳ ಪರೀಕ್ಷೆಗೂ ಹೋಗಿತ್ತು. 2017ರಲ್ಲಿ ಜೇಸನ್ ಶೆಲ್ಟ್ಜರ್ ತಂಡ ಕ್ರಿಸ್ಪರ್‌ನಿಂದ ಮೆಲ್ಕ್ ಜೀನನ್ನೇ ತೆಗೆದುಹಾಕಿತು. ಸೆಲ್‌ಗಳು ಆರಾಮಾಗಿ ಬೆಳೆದವು. ಟಾರ್ಗೆಟ್ಟೇ ಇಲ್ಲದ ಆ ಸೆಲ್‌ಗಳನ್ನು ಔಷಧ ಮಾತ್ರ ಮೊದಲಿನಂತೆಯೇ ಕೊಂದಿತು! 2019ರಲ್ಲಿ ಅದೇ ತಂಡ ಇನ್ನಷ್ಟು ಔಷಧಗಳಲ್ಲಿ ಇದನ್ನೇ ತೋರಿಸಿತು. ಒಟಿಎಸ್964 ಎಂಬುದರ ನಿಜವಾದ ಟಾರ್ಗೆಟ್ ಸಿಡಿಕೆ11 ಎಂಬ ಬೇರೆ ಕೈನೇಸ್ ಎಂದು ಗೊತ್ತಾಗಿದ್ದು ಆಗಲೇ.

ಅವರು ಅದನ್ನು ಹಿಡಿದ ದಾರಿಯನ್ನು ನೀವೂ ಅನುಸರಿಸಿ, ಇದೇ ಕ್ರಮದಲ್ಲಿ:

1. ಬ್ರಾಡ್ ಇನ್‌ಸ್ಟಿಟ್ಯೂಟಿನ ‘ಡೆಪ್‌ಮ್ಯಾಪ್’ ತೆರೆದು, ನಿಮ್ಮ ಜೀನ್ ಇಲ್ಲದಿದ್ದರೆ ಯಾವ ಸೆಲ್ ಲೈನ್ ಸಾಯುತ್ತದೆ ನೋಡಿ. ಎರಡು ನಿಮಿಷದ ಕೆಲಸ. ಯಾವುದೂ ಸಾಯುವುದಿಲ್ಲ ಅಂದರೆ ಆ ದಿನವೇ ಪ್ರೊಫೆಸರ್ ಹತ್ತಿರ ಮಾತಾಡಿ.
2. ಕ್ರಿಸ್ಪರ್‌ನಿಂದ ಟಾರ್ಗೆಟ್ ತೆಗೆದ ಸೆಲ್ ಮಾಡಿ, ಅದರ ಮೇಲೆ ಕಾಂಪೌಂಡ್ ಹಾಕಿ. ಆಗಲೂ ಅದೇ ಡೋಸ್‌ಗೆ ಸತ್ತರೆ ಕಾಂಪೌಂಡ್ ಬೇರೆ ಏನನ್ನೋ ಹೊಡೆಯುತ್ತಿದೆ.
3. ಟಾರ್ಗೆಟ್ ಇಲ್ಲದೆ ಸೆಲ್ ಬದುಕುವುದೇ ಇಲ್ಲವಾದರೆ, ಔಷಧಕ್ಕೆ ಬಗ್ಗದ ರೂಪಾಂತರವನ್ನು ಸೆಲ್‌ಗೆ ಸೇರಿಸಿ. ಸೆಲ್ ಉಳಿದುಕೊಂಡರೆ ಇದಕ್ಕಿಂತ ಗಟ್ಟಿ ಪುರಾವೆ ಕಡಿಮೆ.
4. ಔಷಧದಲ್ಲೇ ಸೆಲ್ ಬೆಳೆಸಿ, ತಡೆದುಕೊಂಡು ಬಂದವುಗಳನ್ನು ಸೀಕ್ವೆನ್ಸ್ ಮಾಡಿ. ರೂಪಾಂತರ ಎಲ್ಲಿ ಕೂತಿದೆಯೋ ಅಲ್ಲಿ ನಿಜವಾದ ಟಾರ್ಗೆಟ್ ಇರುವ ಸಾಧ್ಯತೆ ಜಾಸ್ತಿ.

“ಪ್ರೊಫೆಸರ್‌ಗೆ ಬೇಜಾರಾಗುತ್ತದೆ” ಎಂದು ಎರಡನೆಯದನ್ನು ಮುಂದೂಡುವವರನ್ನು ನೋಡಿದ್ದೇನೆ. ಇನಿಪಾರಿಬ್ ಎಂಬ ಔಷಧವನ್ನು ಪಾರ್ಪ್ (ಡಿಎನ್ಎ ರಿಪೇರಿಯ ಕಿಣ್ವ) ಇನ್‌ಹಿಬಿಟರ್ ಎಂದು ಮೂರನೇ ಹಂತದ ಕ್ಲಿನಿಕಲ್ ಟ್ರಯಲ್‌ವರೆಗೆ ಒಯ್ದರು. 2011ರಲ್ಲಿ ಅದು ಸೋತಿತು. ಅದು ಪಾರ್ಪನ್ನು ಸರಿಯಾಗಿ ತಡೆಯುವುದೇ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಆರನೇ ತಿಂಗಳ ಬೇಜಾರು ಬಹಳ ಅಗ್ಗ.

9.4 ಅಂಕಿ. ಸ್ಕ್ರೀನ್ ಮಾಡುವ ಮುಂಚೆ ಜೆಡ್-ಪ್ರೈಮ್ (ಅಸ್ಸೇ ಎಷ್ಟು ನಂಬಬಹುದು ಎಂದು ಹೇಳುವ ಅಂಕಿ) ಲೆಕ್ಕ ಹಾಕಿ. 0.5ಕ್ಕಿಂತ ಕೆಳಗಿದ್ದರೆ ಅಸ್ಸೇ ಇನ್ನೂ ತಯಾರಿಲ್ಲ. ಪ್ಲೇಟಿನ ಅಂಚಿನ ಬಾವಿಗಳು ಬೇಗ ಒಣಗುತ್ತವೆ, ಅಲ್ಲಿ ಮುಖ್ಯ ಡೇಟಾ ಇಡಬೇಡಿ. ಬೇಗ ಬೆಳೆಯುವ ಸೆಲ್, ನಿಧಾನ ಬೆಳೆಯುವ ಸೆಲ್ ಎರಡರ 72 ಗಂಟೆಯ ಐಸಿ50 ಪಕ್ಕ ಪಕ್ಕ ಇಟ್ಟು “ಇದು ಜಾಸ್ತಿ ಸೂಕ್ಷ್ಮ” ಅನ್ನುವುದು ತಪ್ಪು. ಬೆಳವಣಿಗೆಯ ವೇಗವನ್ನೂ ಲೆಕ್ಕಕ್ಕೆ ಸೇರಿಸಬೇಕು.

9.5 ಇಲಿ. ಗಡ್ಡೆಯ ಪ್ರಯೋಗಕ್ಕಿಂತ ಮುಂಚೆ ಫಾರ್ಮಕೋಕೈನೆಟಿಕ್ಸ್, ಅಂದರೆ ಕಾಂಪೌಂಡ್ ದೇಹದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ನೋಡುವುದು. ಕಾಂಪೌಂಡ್ 20 ನಿಮಿಷದಲ್ಲಿ ರಕ್ತದಿಂದ ಮಾಯವಾದರೆ ಮೂರು ವಾರದ ಡೋಸಿಂಗ್‌ನಲ್ಲಿ ಏನನ್ನು ನೋಡುತ್ತೀರಿ? ಗಡ್ಡೆಯ ಒಳಗೂ ಔಷಧದ ಮಟ್ಟ ಅಳೆಯಿರಿ. ಗಡ್ಡೆ ಕುಗ್ಗಿದ ಗ್ರಾಫ್ ಪಕ್ಕ ಇಲಿಯ ತೂಕದ ಗ್ರಾಫ್ ಇಡಿ. ಊಟ ಬಿಟ್ಟು ಸೊರಗಿದ ಇಲಿಯಲ್ಲಿ ಗಡ್ಡೆಯೂ ನಿಧಾನವಾಗಬಹುದು.

ಇವೆಲ್ಲದರ ಮೇಲೆ ಒಂದು ಪುಟ ಬರೆದು ಪ್ರೊಫೆಸರ್ ಹತ್ತಿರ ಒಪ್ಪಿಸಿಕೊಳ್ಳಿ: ಯಾವ ಫಲಿತಾಂಶ ಬಂದರೆ ಈ ಪ್ರಾಜೆಕ್ಟ್ ನಿಲ್ಲಿಸುತ್ತೇವೆ. ಇದನ್ನು ಪ್ರಯೋಗಕ್ಕೆ ಮುಂಚೆ ಬರೆಯಬೇಕು. ಡೇಟಾ ಬಂದ ಮೇಲೆ ಎಲ್ಲರಿಗೂ ನೆಪ ಸಿಗುತ್ತದೆ. ಪಕ್ಕದಲ್ಲಿ ಕಡಿಮೆ ಅಪಾಯದ ಎರಡನೇ ಪ್ರಾಜೆಕ್ಟ್ ಇಟ್ಟುಕೊಳ್ಳಿ.

## ಹಂತ 10: ಎರಡನೇ ವರ್ಷದ ಮಧ್ಯದಲ್ಲಿ ಬಾಗಿಲ ಕಡೆ ನೋಡಿ

1ನೇ ಹಂತದಲ್ಲಿ ಬರೆದ ಸಾಲು ತೆರೆದು ನೋಡಿ. ಇನ್ನೂ ಅದೇ ಬೇಕಾ? 18ನೇ ತಿಂಗಳಿಗೆ ಈ ಪ್ರಶ್ನೆ ಕೇಳದವರು ಐದನೇ ವರ್ಷದಲ್ಲೂ ಅಲ್ಲೇ ಇರುತ್ತಾರೆ.

ಕಂಪನಿಗೆ ಹೋಗುವವರು ಸಿವಿಯನ್ನು ತಿರುಗಿಸಿ ಬರೆಯಬೇಕು. ಪೇಪರ್ ಪಟ್ಟಿ ಕೆಳಗೆ, ಮಾಡಿದ ಕೆಲಸ ಮೇಲೆ. “ಟಾರ್ಗೆಟ್ ತೆಗೆದ ಸೆಲ್‌ನಲ್ಲೂ ಪರಿಣಾಮ ಕಂಡಿದ್ದರಿಂದ ಸರಣಿ ಕೈಬಿಟ್ಟೆ” ಎಂಬ ಸಾಲಿಗೆ ಅಲ್ಲಿ ಬೆಲೆ ಇದೆ. ಸ್ವಂತ ಲ್ಯಾಬ್ ಬೇಕಾದವರು ಪ್ರೊಫೆಸರ್ ಜೊತೆ ಕೂತು ಯಾವ ಪ್ರಶ್ನೆ ನಿಮ್ಮದು, ಯಾವುದು ಅವರದು ಎಂದು ಗೆರೆ ಎಳೆದುಕೊಂಡು, ಅದನ್ನು ಮೇಲ್‌ನಲ್ಲಿ ದಾಖಲಿಸಿ.

ಬಿಡುವ ಕೊನೆಯ ತಿಂಗಳು ಪ್ರಯೋಗಕ್ಕೆ ಅಲ್ಲ. ಸೆಲ್‌ಗಳನ್ನು ಪರೀಕ್ಷಿಸಿ ಫ್ರೀಜ್ ಮಾಡಿ, ವಯಲ್ ಮೇಲೆ ಪ್ಯಾಸೇಜ್ ಸಂಖ್ಯೆ (ಸೆಲ್‌ಗಳನ್ನು ಎಷ್ಟು ಸಲ ಹೊಸ ಪಾತ್ರೆಗೆ ದಾಟಿಸಿದ್ದೀರಿ), ದಿನಾಂಕ ಬರೆಯಿರಿ. ಕಾಂಪೌಂಡ್‌ಗಳ ಬ್ಯಾಚ್ ಪಟ್ಟಿ, ಪ್ಲಾಸ್ಮಿಡ್ ಪಟ್ಟಿ, ಕಚ್ಚಾ ಡೇಟಾ ಇರುವ ಜಾಗ ಒಂದೇ ಕಡತದಲ್ಲಿ ಇರಲಿ. ಮೈಕೋಪ್ಲಾಸ್ಮಾ ಇದ್ದ ವಯಲ್ ಏನಾದರೂ ಉಳಿದಿದ್ದರೆ ದಯವಿಟ್ಟು ಎಸೆದು ಹೋಗಿ.